ಟೋಪಿಯೊಳಗಿನ ಮಾಸಪತ್ರಿಕೆ

ಮಾಸಪತ್ರಿಕೆಯಿಂದ ತಲೆ ಕೆಟ್ಟವರುಂಟು. ತಲೆ ಉಳಿದವನು ನನಗೆ ಗೊತ್ತಿರುವಂತೆ ಒಬ್ಬನೇ. ಆತ ಡಾಕ್ಟರ್ ವಿಲಿಯಂ ಬ್ರೈಡನ್, ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ಸೈನ್ಯದ ಸಹಾಯಕ ಶಸ್ತ್ರವೈದ್ಯ. 1842ರ ಜನವರಿಯ ಹಿಮಕ್ಕೆ ಹೆದರಿ ಟೋಪಿಯೊಳಗೆ ‘ಬ್ಲ್ಯಾಕ್‌ವುಡ್ಸ್ ಮ್ಯಾಗಜೀನ್’ ತುರುಕಿಕೊಂಡಿದ್ದ. ಆಫ್ಘನ್ ಕತ್ತಿಯ ಏಟಿಗೆ ಬುರುಡೆಯ ಚಕ್ಕೆಯೊಂದು ಹಾರಿತು, ಪ್ರಾಣ ಹಾರಲಿಲ್ಲ. ನಮ್ಮ ವಾರ್ಷಿಕ ಸಂಚಿಕೆಗೆ ಅಷ್ಟು ದಪ್ಪವಿದೆಯೇ ಎಂಬುದನ್ನು ಸಂಪಾದಕರೇ ಹೇಳಬೇಕು.

ಬ್ರೈಡನ್ನನನ್ನು ನಾನು ಮೊದಲು ಕಂಡದ್ದು ಪುಸ್ತಕವೊಂದರಲ್ಲಿ ಅಚ್ಚಾದ ಚಿತ್ರದಲ್ಲಿ. ಲೇಡಿ ಬಟ್ಲರ್ 1879ರಲ್ಲಿ ಬರೆದ ಚಿತ್ರ ಅದು. ಸೋತು ಸುಣ್ಣವಾದ ಕುದುರೆ, ಅದರ ಮೇಲೆ ಜೋತುಬಿದ್ದ ಸವಾರ, ಸುತ್ತ ಬರಿಯ ಬಯಲು. ಜನವರಿ 6ರಂದು ಕಾಬೂಲಿನಿಂದ ಹೊರಟವರು ಸುಮಾರು 4,500 ಸೈನಿಕರು, 12,000 ಮಂದಿ ಪರಿವಾರ. 13ರಂದು ಜಲಾಲಾಬಾದಿನ ಕೋಟೆ ಮುಟ್ಟಿದವನು ಈ ವೈದ್ಯ. “ಅಷ್ಟೂ ಜನರಲ್ಲಿ ಬದುಕಿದವನು ಇವನೊಬ್ಬನೇ!” ಎಂದು ನಮ್ಮ ಚರ್ಚಾಕೂಟದಲ್ಲಿ ನಾನು ಕೈಯೆತ್ತಿ ಭಾಷಣ ಬಿಗಿದೆ. ಚಪ್ಪಾಳೆಯೂ ಬಿತ್ತು.

ಆ ಚಪ್ಪಾಳೆಯನ್ನು ಈಗ ಹಿಂದಿರುಗಿಸಬೇಕಾಗಿದೆ. ನಾನು ಹೇಳಿದ್ದು ನಿಜವಲ್ಲ. ಸೆರೆಸಿಕ್ಕಿ ಆಮೇಲೆ ಬಿಡುಗಡೆಯಾದವರಿದ್ದರು. 4,500ರಲ್ಲಿ ಐರೋಪ್ಯರು 700ರಷ್ಟು; ಉಳಿದವರೆಲ್ಲ ಭಾರತೀಯ ಸಿಪಾಯಿಗಳು. ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡು ಕಾಬೂಲಿನ ಬೀದಿಯಲ್ಲಿ ಭಿಕ್ಷೆ ಬೇಡಿದವರು ಅವರಲ್ಲಿದ್ದರು, ಗುಲಾಮರಾಗಿ ಮಾರಾಟವಾದವರಿದ್ದರು. ನನ್ನ ಲೆಕ್ಕದಲ್ಲಿ ಅವರು ಬಂದಿರಲೇ ಇಲ್ಲ.

ಇನ್ನೊಂದು ಮಾತು. ಆ ಕುದುರೆ ಬ್ರೈಡನ್ನನದಲ್ಲ! ಅವನನ್ನು ಅವನ ಕುದುರೆಯಿಂದ ಎಳೆದು ಕೆಡವಿದ್ದರು. ಸಾಯುತ್ತ ಬಿದ್ದಿದ್ದ ಭಾರತೀಯ ಸವಾರನೊಬ್ಬ, ತಾನಂತೂ ಉಳಿಯುವುದಿಲ್ಲವೆಂದು, ತನ್ನ ತಟ್ಟುವನ್ನು ಕರೆದು ಕೊಟ್ಟ, ಕೊಟ್ಟು ಸತ್ತ. ಇದನ್ನು ಬರೆದಿಟ್ಟವನು ಬ್ರೈಡನ್ನನೇ. ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ, ಆದುದರಿಂದ ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಸವಾರನ ಹೆಸರು ಅವನ ಬರಹದಲ್ಲಿಲ್ಲ.

ಬ್ರೈಡನ್ 1857ರಲ್ಲಿ ಲಖನೌ ಮುತ್ತಿಗೆಯಲ್ಲಿ ಹೆಂಡತಿಮಕ್ಕಳೊಡನೆ ಸಿಕ್ಕಿಕೊಂಡ, ಮತ್ತೆ ಗಾಯಗೊಂಡ, ಮತ್ತೆ ಉಳಿದ. 1858ರಲ್ಲಿ ‘ಸಿ.ಬಿ.’ ಬಿರುದು ಬಂತು. 1873ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ.

ಜಲಾಲಾಬಾದಿನ ಕೋಟೆಯವರು ಇನ್ನೂ ಯಾರಾದರೂ ಬಂದಾರೆಂದು ರಾತ್ರಿ ದೀಪ ಹಚ್ಚಿ ಕಹಳೆ ಊದಿಸಿದರಂತೆ. ಆ ಚಿತ್ರವನ್ನು ಈಗ ತೆರೆದರೆ ನನ್ನ ಕಣ್ಣು ಸವಾರನ ಮೇಲೆ ನಿಲ್ಲುವುದಿಲ್ಲ, ಕುದುರೆಯ ಮೇಲೆ ನಿಲ್ಲುತ್ತದೆ. ಲಾಯಕ್ಕೆ ತಂದೊಡನೆ ಮಲಗಿದ ಆ ಬಡಪ್ರಾಣಿ ಮತ್ತೆ ಏಳಲಿಲ್ಲ.