ಕೋಟೆಯಿಂದ ಬೆಂಕಿಪುರಕ್ಕೆ, ಹೊಗೆಯಿಲ್ಲದೆ

ಶಿವಮೊಗ್ಗದ ಕೋಟೆ ಪ್ರದೇಶ ಕಾರಿಗಾಗಿ ಹುಟ್ಟಿದ್ದಲ್ಲ. ಕೆಳದಿ ಅರಸರ ಕಾಲದ ಕೋಟೆಯೊಳಗೆ ಆನೆ, ಕುದುರೆ, ಎತ್ತಿನ ಗಾಡಿಗಳು ಓಡಾಡಿದ್ದವು. ಈಗ ಒಂದು ಕಡೆ ತುಂಗೆ, ಇನ್ನೊಂದು ಕಡೆ ಗಾಂಧಿ ಬಜಾರ್; ನಡುವೆ ಶಿವಪ್ಪ ನಾಯಕನ ಹೆಸರಿನ ಅರಮನೆ, ಸೀತಾರಾಮಾಂಜನೇಯ ದೇವಸ್ಥಾನ, ಎರಡು ವರ್ಷಕ್ಕೊಮ್ಮೆ ಜಾತ್ರೆಯಾಗುವ ಮಾರಿಕಾಂಬೆಯ ಗುಡಿ. ಅರಮನೆ ಈಗ ವಸ್ತುಸಂಗ್ರಹಾಲಯ. ಅದರ ದೊಡ್ಡ ಮರದ ಕಂಬಗಳನ್ನು ನೋಡಲು ಶಾಲಾ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಹೊರಗೆ ಬಂದ ಮಕ್ಕಳ ಕಣ್ಣು ಕಂಬಕ್ಕಿಂತ ಹೆಚ್ಚಾಗಿ ರಸ್ತೆಯ ಮೇಲೆ ಹೋಗುವ ಹಸಿರು ನಂಬರ್ ಪ್ಲೇಟಿನ ಕಾರಿನ ಮೇಲೆ ನೆಡುವುದೂ ಉಂಟು. ಹಸಿರು ಫಲಕ ಎಂದರೆ ವಿದ್ಯುತ್ ಕಾರು.

ಮನೆಮನೆಯಲ್ಲೂ ಈಗ ಈ ಚರ್ಚೆ ಇದೆ. ಮಗನಿಗೋ ಮಗಳಿಗೋ ಕಾರಿನ ಹುಚ್ಚು; ಅಪ್ಪನಿಗೆ ಸಾಲದ ಲೆಕ್ಕ; ಅಜ್ಜಿಗೆ ಹತ್ತಿ ಇಳಿಯುವ ಚಿಂತೆ. ಅದರಲ್ಲೂ ನಲವತ್ತು ಲಕ್ಷ ದಾಟುವ ವಿದ್ಯುತ್ ಸೆಡಾನ್ ಒಂದು ಮಧ್ಯಮ ಊರಿನ ದಿನನಿತ್ಯದ ಓಡಾಟಕ್ಕೆ ಹೊಂದುತ್ತದೆಯೆ? ಜಾಹೀರಾತಿನ ಹೊಳಪು ಬಿಟ್ಟು, ಕೋಟೆಯಿಂದ ಭದ್ರಾವತಿಯವರೆಗಿನ ಸುಮಾರು 20 ಕಿ.ಮೀ. ದಾರಿಯನ್ನೇ ಅಳತೆಗೋಲು ಮಾಡಿಕೊಂಡು ನೋಡಬಹುದು. ಈ ದಾರಿಯಲ್ಲಿ ಎರಡು ನದಿ, ಒಂದು ಕೈಗಾರಿಕಾ ಪ್ರದೇಶ, ನೂರು ವರ್ಷದ ಕಬ್ಬಿಣದ ಕಾರ್ಖಾನೆ ಎಲ್ಲವೂ ಸಿಗುತ್ತವೆ. ಇಂಧನ ಬದಲಾದರೆ ಊರಿನ ಬದುಕು ಏನಾಗುತ್ತದೆ ಎಂಬ ಪಾಠವೂ ಸಿಗುತ್ತದೆ.

ಬೀದಿಯ ಪರೀಕ್ಷೆ

ಮೊದಲ ಪರೀಕ್ಷೆ ಮನೆಯ ಬಾಗಿಲಲ್ಲೇ. ವಿದ್ಯುತ್ ಕಾರಿನ ದೊಡ್ಡ ಅನುಕೂಲವೆಂದರೆ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಬಹುದು ಎನ್ನುವುದು. ಆದರೆ ಅದಕ್ಕೆ ಕಾರು ನಿಲ್ಲಿಸುವ ಸ್ವಂತ ಜಾಗ ಬೇಕು. ಹಳೆಯ ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ಜಗುಲಿ ಇರುತ್ತದೆ, ಗ್ಯಾರೇಜು ಇರುವುದಿಲ್ಲ. ಬೀದಿಯಲ್ಲಿ ನಿಲ್ಲಿಸಿ ಕಿಟಕಿಯಿಂದ ವೈರು ಎಳೆಯುವುದು ಮಳೆನಾಡಿನ ಬಾಗಿಲಲ್ಲಿರುವ ಊರಿನಲ್ಲಿ ಅಪಾಯಕ್ಕೆ ಆಹ್ವಾನ. ಜಾಗವಿದ್ದರೂ ಮನೆಯ ವೈರಿಂಗ್, ಅರ್ಥಿಂಗ್ ಸರಿಯಿದೆಯೆ ಎಂದು ಮೊದಲು ಪರೀಕ್ಷಿಸಿಕೊಳ್ಳಬೇಕು. ಮಂಜೂರಾದ ವಿದ್ಯುತ್ ಹೊರೆ ಸಾಲದಿದ್ದರೆ ಮೆಸ್ಕಾಂ ಕಚೇರಿಗೆ ಅರ್ಜಿ ಹಾಕಬೇಕು.

ಎರಡನೆಯದು ಕಾರಿನ ಮೈಕಟ್ಟು. ವಿದ್ಯುತ್ ಕಾರಿನ ಬ್ಯಾಟರಿ ನೆಲಹಾಸಿನ ಕೆಳಗೆ ಹಲಗೆಯಂತೆ ಮಲಗಿರುತ್ತದೆ. ಭಾರ ಕೆಳಗಿರುವುದರಿಂದ ತಿರುವಿನಲ್ಲಿ ಕಾರು ಗಟ್ಟಿಯಾಗಿ ನಿಲ್ಲುತ್ತದೆ, ಅದು ಒಳ್ಳೆಯದೆ. ಆದರೆ ಸೆಡಾನ್ ಮೊದಲೇ ತಗ್ಗು. ಎತ್ತರದ ಉಬ್ಬುಗಳಲ್ಲಿ ಹೊಟ್ಟೆ ತಾಗದಂತೆ ನೋಡಿಕೊಳ್ಳಬೇಕು. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ನೆಲ ತುಸು ಮೇಲೆ ಬಂದಂತಾಗಿ ಮಂಡಿ ಎತ್ತರದಲ್ಲಿರುತ್ತದೆ. ಮಂಡಿನೋವಿನ ಅಜ್ಜಿಯನ್ನು ಆಂಜನೇಯನ ಗುಡಿಗೆ ಕರೆದೊಯ್ಯುವವರು ಇದನ್ನು ಕೊಳ್ಳುವ ಮೊದಲೇ, ಅಜ್ಜಿಯನ್ನೇ ಕೂರಿಸಿ ನೋಡುವುದು ಮೇಲು.

ಮೂರನೆಯದು ಮೌನ. ಸದ್ದಿಲ್ಲದ ಕಾರು ಒಳಗಿರುವವರಿಗೆ ಸುಖ. ಆದರೆ ಬೀದಿಯಲ್ಲಿ ನಡೆಯುವ ಮುದುಕರಿಗೆ, ಅಡ್ಡ ಮಲಗಿದ ದನಕ್ಕೆ, ಚೆಂಡಿನ ಹಿಂದೆ ಓಡುವ ಮಗುವಿಗೆ ಅದು ಬಂದದ್ದೇ ಗೊತ್ತಾಗದು. ಕಡಿಮೆ ವೇಗದಲ್ಲಿ ಕೃತಕ ಸದ್ದು ಮಾಡುವ ಸಲಕರಣೆಯನ್ನು ಅನೇಕ ಕಾರುಗಳಲ್ಲಿ ಅಳವಡಿಸಿರುವುದು ಇದೇ ಕಾರಣಕ್ಕೆ.

ಇಪ್ಪತ್ತು ಕಿಲೋಮೀಟರಿನ ಲೆಕ್ಕ

ಕೋಟೆ ದಾಟಿ ಬಿ.ಎಚ್. ರಸ್ತೆಗೆ ಬಂದರೆ ಅದು ಬೆಂಗಳೂರು–ಹೊನ್ನಾವರ ಹೆದ್ದಾರಿ. ತುಂಗಾ ಸೇತುವೆ, ವಿದ್ಯಾನಗರ ದಾಟಿದ ಮೇಲೆ ಎಂ.ಆರ್.ಎಸ್. ವೃತ್ತ. ಈ ಮೂರಕ್ಷರದ ಅರ್ಥ ಮಾಸ್ಟರ್ ರಿಸೀವಿಂಗ್ ಸ್ಟೇಷನ್, ಅಂದರೆ ವಿದ್ಯುತ್ತನ್ನು ಬರಮಾಡಿಕೊಳ್ಳುವ ಮುಖ್ಯ ಕೇಂದ್ರ. ವಿದ್ಯುತ್ ಕಾರಿನ ಲೆಕ್ಕ ಶುರುಮಾಡಲು ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

ಉದಾಹರಣೆಗೆ ಬಿವೈಡಿ ಸೀಲ್ ಎಂಬ ಸೆಡಾನ್ ತೆಗೆದುಕೊಳ್ಳೋಣ. 2024ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅದರ ಆರಂಭದ ಬೆಲೆ 41 ಲಕ್ಷ ರೂಪಾಯಿ. ಬ್ಯಾಟರಿ ಎರಡು ಅಳತೆಯದು: 61.44 ಮತ್ತು 82.56 ಯೂನಿಟ್. ದೊಡ್ಡ ಬ್ಯಾಟರಿಯ ಒಂದು ಮಾದರಿ ಒಮ್ಮೆ ಚಾರ್ಜ್ ಮಾಡಿದರೆ 650 ಕಿ.ಮೀ. ಓಡುತ್ತದೆಂದು ಕಂಪನಿಯ ಲೆಕ್ಕ. 2022ರಲ್ಲಿ ಬಂದ ಬಿಎಂಡಬ್ಲ್ಯು ಐ4 ಇನ್ನೂ ದುಬಾರಿ. ಆಗಲೇ ಅದರ ಬೆಲೆ ಸುಮಾರು 70 ಲಕ್ಷ.

ಪ್ರಯೋಗಶಾಲೆಯ ಅಂಕಿ ಬೇರೆ, ರಸ್ತೆ ಬೇರೆ. ಇಂಥ ದೊಡ್ಡ ಸೆಡಾನ್ ನಿತ್ಯದ ಓಡಾಟದಲ್ಲಿ 100 ಕಿ.ಮೀ.ಗೆ ಸುಮಾರು 17 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ, 82 ಯೂನಿಟ್‌ಗೆ 480 ಕಿ.ಮೀ. ಆಯಿತು. ಅದೂ ಕಡಿಮೆಯೇನಲ್ಲ. ಕೋಟೆಯಿಂದ ಭದ್ರಾವತಿಗೆ ಹೋಗಿ ಬರಲು 40 ಕಿ.ಮೀ.; ಖರ್ಚು ಸುಮಾರು 7 ಯೂನಿಟ್, ಚಾರ್ಜಿಂಗ್‌ನಲ್ಲಿ ಸೋರುವುದನ್ನು ಸೇರಿಸಿ 8. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ 3 ಯೂನಿಟ್ ಸಿಕ್ಕರೂ ಮೂರು ಗಂಟೆಯೊಳಗೆ ಕೆಲಸ ಮುಗಿಯಿತು. ದಿನವೂ ಬ್ಯಾಟರಿ ತುಂಬಿಸಬೇಕಾದ ಅಗತ್ಯವೇ ಇಲ್ಲ. ಬರಿದಾದ ದೊಡ್ಡ ಬ್ಯಾಟರಿಯನ್ನು ಇದೇ ಸಾಕೆಟ್ಟಿನಿಂದ ತುಂಬಿಸಲು ಮಾತ್ರ ಒಂದು ಹಗಲು, ಒಂದು ರಾತ್ರಿ ಮೀರಿದ ಹೊತ್ತು ಹಿಡಿಯುತ್ತದೆ. 7 ಕಿಲೋವ್ಯಾಟ್‌ನ ಗೋಡೆಯ ಚಾರ್ಜರ್ ಇದ್ದರೆ ಸುಮಾರು 12 ಗಂಟೆ.

ಈಗ ಹಣದ ಲೆಕ್ಕ. ಮಕ್ಕಳು ಪೆನ್ಸಿಲ್ ಹಿಡಿದು ಕೂರಬಹುದು. ವಿದ್ಯುತ್ ಯೂನಿಟ್‌ಗೆ 7 ರೂಪಾಯಿ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ವಿದ್ಯುತ್ ಕಾರಿಗೆ ದಿನಕ್ಕೆ 56 ರೂಪಾಯಿ. ಲೀಟರಿಗೆ 14 ಕಿ.ಮೀ. ಓಡುವ ಪೆಟ್ರೋಲ್ ಸೆಡಾನ್‌ಗೆ ಅದೇ 40 ಕಿ.ಮೀ.ಗೆ 286 ರೂಪಾಯಿ. ಉಳಿತಾಯ 230. ವರ್ಷಕ್ಕೆ 300 ದಿನ ಓಡಿಸಿದರೆ 69 ಸಾವಿರ. ಕೇಳಲು ಚೆನ್ನ. ಆದರೆ 15 ಲಕ್ಷದ ಪೆಟ್ರೋಲ್ ಕಾರಿನ ಬದಲು 45 ಲಕ್ಷದ ವಿದ್ಯುತ್ ಕಾರು ಕೊಂಡವರು ಹೆಚ್ಚಿಗೆ ಕೊಟ್ಟ 30 ಲಕ್ಷವನ್ನು ಈ ಉಳಿತಾಯದಿಂದ ತುಂಬಿಕೊಳ್ಳಲು 43 ವರ್ಷ ಬೇಕು! ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಖಾತರಿ 8 ವರ್ಷದ್ದು. ಇದರ ಜೊತೆಗೆ, ಮೊದಲು ಕರ್ನಾಟಕದಲ್ಲಿ ವಿದ್ಯುತ್ ಕಾರುಗಳಿಗೆಲ್ಲ ಇದ್ದ ರಸ್ತೆ ತೆರಿಗೆ ವಿನಾಯಿತಿಯನ್ನು 2024ರ ತಿದ್ದುಪಡಿ 25 ಲಕ್ಷ ಮೀರಿದ ಕಾರುಗಳಿಗೆ ತೆಗೆದುಹಾಕಿತು.

ಹಾಗಾದರೆ ಇದು ಕೆಟ್ಟ ಕಾರೆ? ಅಲ್ಲ. ವೇಗ, ಮೆತ್ತನೆಯ ಓಟ, ಭದ್ರತೆ, ಗೇರು ಬದಲಿಸುವ ಕಾಟವಿಲ್ಲದ ಸವಾರಿ, ಇವೆಲ್ಲ ಇವೆ. ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ದೊಡ್ಡ ಬ್ಯಾಟರಿಯ ಕಾರು ಒಂದೇ ಚಾರ್ಜಿನಲ್ಲಿ ತಲುಪಬಲ್ಲದು. ಚಿಕ್ಕದಾದರೆ ನಡುವೆ ಒಮ್ಮೆ ನಿಲ್ಲಿಸುವುದು ಜಾಣತನ. ಆದರೆ ಈ ಸುಖಗಳಿಗೆ ಕೊಡುವ ಹಣ ಸುಖದ ಹಣ, ಉಳಿತಾಯದ ಹಣವಲ್ಲ. ಮಗಳ ಎಂಜಿನಿಯರಿಂಗ್ ಶುಲ್ಕದ ಜೊತೆ ಇದನ್ನು ತೂಗುವ ಮನೆಯವರು ಈ ವ್ಯತ್ಯಾಸ ಮರೆಯಬಾರದು.

ದಿನಕ್ಕೆ 40 ಕಿ.ಮೀ. ಓಡಲು ದೊಡ್ಡ ಬ್ಯಾಟರಿಯೇ ಬೇಕಿಲ್ಲ. 2021ರಲ್ಲಿ ಬಂದ ಟಾಟಾ ಟಿಗೋರ್ ವಿದ್ಯುತ್ ಸೆಡಾನ್‌ನ ಬ್ಯಾಟರಿ 26 ಯೂನಿಟ್. ಈ ದಾರಿಗೆ ಅದು ಧಾರಾಳ. ಅಷ್ಟೇಕೆ, ಚೇತನ್ ಮೈನಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕಾರು ಸೀಸದ ಬ್ಯಾಟರಿಯಲ್ಲೇ ಸುಮಾರು 80 ಕಿ.ಮೀ. ಓಡುತ್ತಿತ್ತು. ಲಂಡನ್ನಿನ ಬೀದಿಗಳಲ್ಲೂ ಅದು ಓಡಿತು. ಕೋಟೆಯಿಂದ ಭದ್ರಾವತಿಗೆ ಹೋಗಿ ಬರುವ ತಾಕತ್ತು ಕನ್ನಡನಾಡಿನ ಕಾರಿಗೆ ಇಪ್ಪತ್ತು ವರ್ಷದ ಹಿಂದೆಯೇ ಇತ್ತು ಎಂದಾಯಿತು.

ಎಂಟು ಸಾವಿರ ಲೀಟರ್ ನೀರು

ಹೊಗೆ ಕಾಣುವುದಿಲ್ಲ ಎಂದ ಮಾತ್ರಕ್ಕೆ ಯಾರೂ ಬೆಲೆ ಕೊಟ್ಟಿಲ್ಲ ಎಂದಲ್ಲ. ಇದೇ ಜಿಲ್ಲೆಯ ಶರಾವತಿ ರಾಜ್ಯಕ್ಕೆ ಬೆಳಕು ಕೊಟ್ಟ ನದಿ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1940ರ ದಶಕದ ಕೊನೆಯಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಇಂದಿಗೂ ರಾಜ್ಯದ ಜಲವಿದ್ಯುತ್ತಿನ ಬೆನ್ನೆಲುಬು.

ಭೌತಶಾಸ್ತ್ರದ ಪುಸ್ತಕ ತೆರೆದು ಲೆಕ್ಕ ಹಾಕಿದರೆ, ಸಾವಿರ ಲೀಟರ್ ನೀರು 400 ಮೀಟರ್ ಕೆಳಗೆ ಬಿದ್ದಾಗ ಹುಟ್ಟುವ ವಿದ್ಯುತ್ ಹೆಚ್ಚುಕಡಿಮೆ ಒಂದು ಯೂನಿಟ್. ಅಂದರೆ ಭದ್ರಾವತಿಗೆ ಹೋಗಿಬರುವ ಆ 8 ಯೂನಿಟ್‌ಗೆ ಎಂಟು ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಧುಮುಕಬೇಕು. ಎಲ್ಲ ವಿದ್ಯುತ್ತೂ ನೀರಿನದಲ್ಲ. ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣುಶಕ್ತಿ, ಪಾವಗಡದ ಬಿಸಿಲು ಎಲ್ಲವೂ ಅದೇ ತಂತಿಯಲ್ಲಿ ಬೆರೆತು ಬರುತ್ತವೆ. ನೀರಿನ ಪಾಲಿಗೂ ಋಣವಿದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಅಡಿಕೆ ತೋಟ ಕಳೆದುಕೊಂಡ ಕುಟುಂಬಗಳನ್ನು ಈ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಕಳಿಸಲಾಯಿತು. ಅವರ ಜಮೀನಿನ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಎಳೆಯಿತು. ಕಾರಿಗೆ ಪ್ಲಗ್ ಚುಚ್ಚುವ ಮಕ್ಕಳಿಗೆ ಈ ಕಥೆ ತಿಳಿದಿರಲಿ.

ಮಲೆನಾಡಿನ ದಾರಿಗಳಲ್ಲಿ ವಿದ್ಯುತ್ ಕಾರು ಸ್ವಲ್ಪ ಸಾಲ ತೀರಿಸುವುದೂ ಉಂಟು. ಎರಡು ಟನ್ ತೂಕದ ಕಾರನ್ನು ಆಗುಂಬೆ ಘಾಟಿಯಂಥ ಕಡೆ 500 ಮೀಟರ್ ಮೇಲಕ್ಕೆ ಒಯ್ಯಲು ಏರಿಗೆಂದೇ ಸುಮಾರು 2.7 ಯೂನಿಟ್ ಬೇಕು. ಇಳಿಯುವಾಗ ಮೋಟರೇ ಡೈನಮೋ ಆಗಿ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದು ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಬೆಂಕಿಪುರದ ಪಾಠ

ಮಲವಗೊಪ್ಪ, ನಿದಿಗೆ ದಾಟಿದರೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ. ಶಿವಮೊಗ್ಗ ಎರಕದ ಕೆಲಸಕ್ಕೆ ಹೆಸರಾದ ಊರು. ಇಲ್ಲಿನ ಎರಕದ ಮನೆಗಳಿಂದ ವಾಹನಗಳ ಬಿಡಿಭಾಗಗಳು ದೂರದೂರಕ್ಕೆ ಹೋಗುತ್ತವೆ. ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲ; ಅದಕ್ಕೆ ಬೇಕಾಗುವ ಎರಕದ ಭಾಗಗಳೂ ಕಡಿಮೆ. ಕೊಳ್ಳುವವರ ಮನೆಯ ಲೆಕ್ಕ ಒಂದಾದರೆ, ಇಲ್ಲಿ ದುಡಿಯುವವರ ಮನೆಯ ಲೆಕ್ಕ ಇನ್ನೊಂದು. ಐಟಿಐ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರು ಕಾರ್ಬ್ಯುರೇಟರ್ ಬದಲು ಮೋಟರ್, ಬ್ಯಾಟರಿ, ನಿಯಂತ್ರಣ ಮಂಡಲಗಳನ್ನು ಬಿಚ್ಚಿ ಕಲಿಯಬೇಕಾದ ಕಾಲವಿದು.

ಭದ್ರಾವತಿಗೆ ಇಂಥ ಬದಲಾವಣೆ ಹೊಸದಲ್ಲ. ಊರಿನ ಹಳೆಯ ಹೆಸರೇ ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ಈ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯಿತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರವನ್ನು ಸುಟ್ಟ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರು ಕರಗಿತು. ಸರ್ ಎಂ. ವಿಶ್ವೇಶ್ವರಯ್ಯ ಇದನ್ನು ನಷ್ಟದಿಂದ ಎತ್ತಲು ವರ್ಷಗಟ್ಟಲೆ ದುಡಿದರು. 1950ರ ದಶಕದಲ್ಲಿ ಇಲ್ಲಿಗೆ ವಿದ್ಯುತ್ ಕುಲುಮೆಗಳು ಬಂದವು. ಕಾಡಿನ ಇದ್ದಿಲು ಮಾಡುತ್ತಿದ್ದ ಕೆಲಸಕ್ಕೆ ನದಿಯ ವಿದ್ಯುತ್ ಹೆಗಲು ಕೊಟ್ಟಿತು. ಕಾರುಗಳು ಈಗ ಮಾಡುತ್ತಿರುವುದನ್ನು ಬೆಂಕಿಪುರದ ಕುಲುಮೆ ಎಪ್ಪತ್ತು ವರ್ಷದ ಹಿಂದೆಯೇ ಮಾಡಿತ್ತು.

ಆದರೆ ಇಂಧನ ಬದಲಾದ ಮಾತ್ರಕ್ಕೆ ಊರು ಉಳಿಯುತ್ತದೆಂಬ ಭರವಸೆಯಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಪತ್ರಿಕೆಗಳಿಗೆ ಕಾಗದ ಕೊಡುತ್ತಿದ್ದ ಗಿರಣಿ ಅದು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದು ವಿಭಾಗ ಮತ್ತೆ ಓಡತೊಡಗಿತು. ಕ್ವಾರ್ಟರ್ಸಿನ ಸಾಲುಮನೆಗಳ ನಡುವೆ ನಡೆದರೆ, ಯಂತ್ರ ನಿಂತರೆ ಎಷ್ಟು ಮನೆಗಳ ಒಲೆಗೆ ತಟ್ಟುತ್ತದೆ ಎಂಬುದು ಯಾರೂ ಹೇಳದೆ ಅರ್ಥವಾಗುತ್ತದೆ.

ಕೊಳ್ಳುವವರಿಗೆ ನಾಲ್ಕು ಮಾತು: ಸ್ವಂತ ಜಾಗ ಮತ್ತು ಸರಿಯಾದ ವೈರಿಂಗ್ ಇಲ್ಲದಿದ್ದರೆ ವಿದ್ಯುತ್ ಕಾರಿಗೆ ಕಾಯಿರಿ. ದಿನದ ಓಡಾಟ 50 ಕಿ.ಮೀ. ಒಳಗಿದ್ದರೆ ಚಿಕ್ಕ ಬ್ಯಾಟರಿಯ ಕಾರು ಸಾಕು. ಮಳೆಗಾಲದಲ್ಲಿ ನಿಂತ ನೀರಿನ ಆಳ ತಿಳಿಯದೆ ಯಾವ ಕಾರನ್ನೂ ಇಳಿಸಬೇಡಿ. ದುಬಾರಿ ಸೆಡಾನ್ ಬೇಕೇ ಬೇಕೆಂದರೆ, ಅದು ಉಳಿತಾಯ ತರುತ್ತದೆಂದು ಮನೆಯವರನ್ನು ನಂಬಿಸಬೇಡಿ.

ನೋಡಲು ಹೋಗುವವರಿಗೆ: ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು, ರೈಲು ಎರಡೂ ಇವೆ. ಬೆಳಿಗ್ಗೆ ಕೋಟೆಯ ಅರಮನೆ, ಮಧ್ಯಾಹ್ನ ಲಕ್ಷ್ಮೀನರಸಿಂಹ ದೇವಾಲಯ, ಸಂಜೆ ತುಂಗೆ ಭದ್ರೆ ಸೇರುವ ಕೂಡ್ಲಿ ನೋಡಿಕೊಂಡು ಒಂದೇ ದಿನದಲ್ಲಿ ಮರಳಬಹುದು. ಐವತ್ತು ಜನ ಕೂತ ಬಸ್ಸಿನಲ್ಲಿ ತಲೆಗೆ ಬೀಳುವ ಇಂಧನ, ಒಬ್ಬರೇ ಕೂತ ಯಾವ ಪೆಟ್ರೋಲ್ ಕಾರಿಗಿಂತಲೂ ಕಡಿಮೆ.