ಕೇಳದೆ ಬಂದ ಪಟ್ಟ

ಪಟ್ಟಾಭಿಷೇಕವೆಂದರೆ ಪೂರ್ವಜನ್ಮದ ಪುಣ್ಯಫಲವೆಂದು ಲೋಕದ ನಂಬಿಕೆ. ಆದರೆ ಕೇಳದೆ ಬಂದ ಪಟ್ಟವೊಂದು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಚಾರ್ಲ್ಸ್ ಎಡ್ವರ್ಡನ ಬಾಳೇ ಸಾಕ್ಷಿ.

ಅವನು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮೊಮ್ಮಗ. ತಂದೆ ಲಿಯೋಪೋಲ್ಡನಿಗೆ ಗಾಯವಾದರೆ ರಕ್ತ ನಿಲ್ಲದ ಹುಟ್ಟುರೋಗ. 1884ರ ಮಾರ್ಚಿಯಲ್ಲಿ ಅವನು ತೀರಿಕೊಂಡ; ಜುಲೈ 19ರಂದು ಮಗ ಜನಿಸಿದ. ತಂದೆಯ ಮುಖವನ್ನೇ ಕಾಣದ ಕೂಸು ಹುಟ್ಟುತ್ತಲೇ ಆಲ್ಬನಿಯ ಡ್ಯೂಕ್ ಆಯಿತು.

ರಾಣಿಯ ಪತಿ ಆಲ್ಬರ್ಟನ ಮನೆತನದ ರಾಜ್ಯ ಜರ್ಮನಿಯ ಸ್ಯಾಕ್ಸ್-ಕೋಬರ್ಗ್-ಗೋಥಾ. ಅದನ್ನು ಆಗ ಆಳುತ್ತಿದ್ದವನು ಅವಳ ಮಗ ಆಲ್ಫ್ರೆಡ್. 1899ರಲ್ಲಿ ಅವನ ಏಕಮಾತ್ರ ಪುತ್ರ ಗತಿಸಿದ. ಮುಂದಿನ ಹಕ್ಕುದಾರರಾದ ಕನಾಟ್ ಡ್ಯೂಕ್ ಮತ್ತು ಅವನ ಮಗ ಪಟ್ಟ ಬೇಡವೆಂದರು. ಈಟನ್ ಶಾಲೆಯಲ್ಲಿ ಓದುತ್ತಿದ್ದ ಬಾಲಕನ ಕೊರಳಿಗೆ ಮಾಲೆ ಬಿದ್ದಿತು. 1900ರ ಜುಲೈ 30ರಂದು ಆಲ್ಫ್ರೆಡ್ ಮಡಿದಾಗ, 16 ವರ್ಷದ ಇಂಗ್ಲಿಷ್ ಹುಡುಗ ಜರ್ಮನಿಯ ಒಂದು ನಾಡಿಗೆ ಒಡೆಯನಾದ.

1914ರಲ್ಲಿ ಮಹಾಯುದ್ಧ ಬಂದಿತು. ಹುಟ್ಟಿದ ನಾಡು ಒಂದೆಡೆ, ಆಳುವ ನಾಡು ಇನ್ನೊಂದೆಡೆ. ಅವನು ಜರ್ಮನಿಯ ಪಕ್ಷವನ್ನೇ ಹಿಡಿದ. 1915ರಲ್ಲಿ ಬ್ರಿಟನ್ನಿನ ಗಾರ್ಟರ್ ಗೌರವ ಹೋಯಿತು. 1918ರ ನವೆಂಬರಿನಲ್ಲಿ ಜರ್ಮನಿಯ ಕ್ರಾಂತಿಯಲ್ಲಿ ಸಿಂಹಾಸನವೂ ಹೋಯಿತು. 1919ರಲ್ಲಿ ಬ್ರಿಟಿಷ್ ಬಿರುದುಗಳನ್ನು ಕಿತ್ತುಕೊಂಡರು. ಒಂದು ಕಡೆ ಶತ್ರು, ಇನ್ನೊಂದು ಕಡೆ ಮಾಜಿ ದೊರೆ!

ಇಲ್ಲಿಯವರೆಗಿನದು ವಿಧಿಯ ಆಟವೆಂದು ಮರುಗಬಹುದು. ಮುಂದಿನದು ಅವನೇ ಆರಿಸಿಕೊಂಡ ಹಾದಿ. 1933ರಲ್ಲಿ ಅವನು ಹಿಟ್ಲರನ ಪಕ್ಷದ ಸದಸ್ಯನಾದ. ಅದೇ ವರ್ಷ ಜರ್ಮನ್ ರೆಡ್‌ಕ್ರಾಸಿನ ಅಧ್ಯಕ್ಷಪೀಠವನ್ನೂ ಏರಿದ. 1936ರಲ್ಲಿ ದಾಯಾದಿಯಾದ ಐದನೆಯ ಜಾರ್ಜ್ ದೊರೆಯ ಅಂತ್ಯಯಾತ್ರೆಗೆ ಲಂಡನ್ನಿಗೆ ಬಂದಾಗ ಅವನು ತೊಟ್ಟಿದ್ದುದು ಜರ್ಮನ್ ಸಮವಸ್ತ್ರ.

ರೆಡ್‌ಕ್ರಾಸ್ ಇರುವುದು ನೊಂದವರ ಆರೈಕೆಗೆ. ಆದರೆ ಅವನು ನಂಬಿದ್ದ ಸರ್ಕಾರ 1940 ಮತ್ತು 1941ರಲ್ಲಿ 70,000ಕ್ಕೂ ಹೆಚ್ಚು ರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಂದಿತು. ಹುಟ್ಟುರೋಗಿಯ ಮಗನಾದ ಅವನು 1945ರವರೆಗೂ ಆ ಪೀಠದಿಂದ ಇಳಿಯಲಿಲ್ಲ.

ಆ ವರ್ಷ ಅಮೆರಿಕದ ಸೈನಿಕರು ಅವನನ್ನು ಬಂಧಿಸಿದರು. ಸೆರೆಯ ಬಳಿಕ ವಿಚಾರಣೆ, ದಂಡ. ಗೋಥಾದ ಆಸ್ತಿ ಸೋವಿಯತ್ ವಲಯದಲ್ಲಿ ಕೈಬಿಟ್ಟಿತು. 1954ರ ಮಾರ್ಚ್ 6ರಂದು ಕೋಬರ್ಗಿನಲ್ಲಿ ಅವನ ಬಾಳು ಮುಗಿಯಿತು.

ಬೇಡವೆನ್ನುವ ಸ್ವಾತಂತ್ರ್ಯ ಹದಿಹರೆಯದ ಹುಡುಗನಿಗೆ ಇರಲಿಲ್ಲ. ನಡುವಯಸ್ಸಿನ ಗೃಹಸ್ಥನಿಗೆ ಇತ್ತು. ಅವನು ಅದನ್ನು ಬಳಸಲಿಲ್ಲ.