ಕೈಗೂಡಿದ ವಿದ್ಯೆ

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ಮಠಕ್ಕೆ ಬರುವ ತಂದೆತಾಯಿಗಳು ನಮ್ಮ ಮುಂದೆ ತೋಡಿಕೊಳ್ಳುವ ಅಳಲು ಬಹುಮಟ್ಟಿಗೆ ಒಂದೇ ಬಗೆಯದು. "ಅಯ್ಯನವರೇ, ಹುಡುಗ ಚುರುಕಾಗಿದ್ದಾನೆ. ಕೆಟ್ಟ ಸೈಕಲ್ಲನ್ನು ಬಿಚ್ಚಿ ಜೋಡಿಸುತ್ತಾನೆ. ಹೊಲದ ಪಂಪುಸೆಟ್ಟು ನಿಂತರೆ ಕಾರಣ ಹೇಳುತ್ತಾನೆ. ಪುಸ್ತಕ ಹಿಡಿದು ಮಾತ್ರ ಅರ್ಧ ತಾಸು ಕೂಡ್ರಲಾರ. ವಿದ್ಯೆ ಅವನ ಹಣೆಯಲ್ಲಿ ಬರೆದಿಲ್ಲ." ಈ ಕೊನೆಯ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಯಂತ್ರದ ದೋಷವನ್ನು ಕಂಡುಹಿಡಿಯಬಲ್ಲ ಬುದ್ಧಿಗೆ ಪಾಠದ ತಿರುಳು ದಕ್ಕದೆ ಇರಲು ಕಾರಣವಿಲ್ಲ. ಅದಕ್ಕೆ ಪ್ರವೇಶಿಸುವ ಬಾಗಿಲನ್ನು ತೋರಿಸಬೇಕಾಗಿದೆ, ಅಷ್ಟೆ.

ನಮ್ಮ ಪರಂಪರೆಗೆ ಆ ಬಾಗಿಲು ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದ, ಬಿದಿರಿನ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನಿದ್ದ, ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದ. ಕೈಯ ಕೆಲಸ ಬೇರೆ, ಅರಿವು ಬೇರೆ ಎಂದು ಆ ಮಹನೀಯರು ಬಗೆಯಲಿಲ್ಲ. ನಮ್ಮ ಇಷ್ಟಲಿಂಗಪೂಜೆಯೂ ಅಂಗೈಯಲ್ಲಿಯೇ ನೆಲೆಗೊಂಡಿದೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಹಿಂದಿನ ಗುರುಗಳೂ ಇದೇ ಮರ್ಮವನ್ನು ಅರಿತಿದ್ದರು. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೊರಿ ಉರುಟು ಕಾಗದದ ಅಕ್ಷರಗಳನ್ನು ಮಕ್ಕಳ ಬೆರಳಿಗೆ ಮುಟ್ಟಿಸಿದರು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ ಯೋಜನೆಯ ಕೇಂದ್ರವೂ ಕೈಕಸುಬೇ ಆಗಿತ್ತು.

ನಾವು ಮಠದಲ್ಲಿ ಛಂದಸ್ಸನ್ನು ಅಭ್ಯಾಸ ಮಾಡುವಾಗ ಗುರುಗಳು ಮೊದಲು ಗ್ರಂಥವನ್ನು ಬಿಚ್ಚಲಿಲ್ಲ. ಹುಣಸೆಬೀಜಗಳನ್ನೂ ಮೋಟು ಕಡ್ಡಿಗಳನ್ನೂ ತರಿಸಿದರು. ಬೀಜವೆಂದರೆ ಲಘು, ಕಡ್ಡಿಯೆಂದರೆ ಗುರು. ಮೂರು ಮೂರಾಗಿ ಎಷ್ಟು ಬಗೆಯಲ್ಲಿ ಇಡಲು ಸಾಧ್ಯವೋ ಅಷ್ಟು ಬಗೆಯಲ್ಲಿ ಇಡಿರಿ ಎಂದರು. ಎಷ್ಟು ತಿಣುಕಿದರೂ ಎಂಟಾದ ಮೇಲೆ ಒಂಬತ್ತನೆಯದು ಹುಟ್ಟಲಿಲ್ಲ. ಅಕ್ಷರಗಣಗಳು ಎಂಟೇ ಏಕೆ ಎಂಬುದನ್ನು ಯಾರೂ ಹೇಳಿಕೊಡುವ ಮುನ್ನವೇ ನಮ್ಮ ಬೆರಳುಗಳು ಅರಿತುಕೊಂಡಿದ್ದವು. ಆದರೆ ಪಾಠ ಅಲ್ಲಿಗೆ ಮುಗಿಯಲಿಲ್ಲ. ಗುರುಗಳು ಬೀಜಗಳ ಮೇಲೆ ವಸ್ತ್ರವನ್ನು ಹೊದಿಸಿ, "ಈಗ ನೋಡದೆ ಪಾಟಿಯ ಮೇಲೆ ಬರೆಯಿರಿ" ಎನ್ನುತ್ತಿದ್ದರು. ಕೈಯ ಕಲಿಕೆಯು ಮನಸ್ಸಿಗೆ ಇಳಿಯುವುದು ಆ ವಸ್ತ್ರ ಹೊದಿಸಿದ ಘಳಿಗೆಯಲ್ಲಿ.

ಕೆಲವು ವರ್ಷಗಳ ಹಿಂದೆ ಪ್ರಸಾದನಿಲಯದಲ್ಲಿ ಹತ್ತನೆಯ ತರಗತಿಯ ಬಾಲಕನೊಬ್ಬನಿದ್ದ. ಗಣಿತದಲ್ಲಿ ಮೇಲಿಂದ ಮೇಲೆ ಅನುತ್ತೀರ್ಣನಾಗುತ್ತಿದ್ದುದರಿಂದ ತಂದೆ ಅವನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸಲು ನಿಶ್ಚಯಿಸಿದ್ದರು. ನಾವು ಮೂರು ತಿಂಗಳ ಅವಧಿಯನ್ನು ಬೇಡಿದೆವು. ಹಗ್ಗವೊಂದನ್ನು ಹನ್ನೆರಡು ಸಮಭಾಗ ಮಾಡಿ ಗಂಟು ಹಾಕಿಸಿದೆವು. ಮೂರು, ನಾಲ್ಕು, ಐದು ಭಾಗಗಳ ಬಾಹುಗಳುಳ್ಳ ತ್ರಿಭುಜವಾಗಿ ಎಳೆದು ಹಿಡಿದಾಗ ಒಂದು ಮೂಲೆ ನೇರ ಲಂಬಕೋನವಾಯಿತು. "ಮೇಸ್ತ್ರಿಗಳು ಪಾಯದ ಮೂಲೆ ಹಿಡಿಯುವುದು ಹೀಗೆಯೇ!" ಎಂದು ಅವನೇ ಕೂಗಿದ. ಒಂಬತ್ತಕ್ಕೆ ಹದಿನಾರು ಕೂಡಿಸಿದರೆ ಇಪ್ಪತ್ತೈದು ಎಂಬುದು ಅಂದಿನಿಂದ ಅವನಿಗೆ ಬಾಯಿಪಾಠವಾಗಿ ಉಳಿಯಲಿಲ್ಲ. ಒಂದೇ ಪಾದ, ಒಂದೇ ಎತ್ತರದ ರಟ್ಟಿನ ಶಂಕುವಿನಿಂದ ಸಿಲಿಂಡರಿಗೆ ರಾಗಿ ಸುರಿದಾಗ ಮೂರನೆಯ ಸಲಕ್ಕೆ ತುಂಬಿತು. ಸೂತ್ರದಲ್ಲಿಯ ಮೂರನೇ ಒಂದು ಭಾಗ ಎಲ್ಲಿಂದ ಬಂತೆಂದು ತಿಳಿಯಿತು. ಪ್ರತಿ ಸಂಜೆ ವಸ್ತುಗಳನ್ನು ಎತ್ತಿಟ್ಟು, ಚಿತ್ರವನ್ನೂ ಸೂತ್ರವನ್ನೂ ನೆನಪಿನಿಂದಲೇ ಬರೆಯಿಸಿದೆವು. ಅವನಿಗೆ ದೊಡ್ಡ ಅಂಕಗಳೇನೂ ಬರಲಿಲ್ಲ. ಆದರೆ ತೇರ್ಗಡೆಯಾದ, ಓದು ಮುಂದುವರಿಯಿತು. ಆ ತಂದೆ ಮತ್ತೆ ಅವನನ್ನು ದಡ್ಡನೆಂದು ಕರೆದುದನ್ನು ನಾವು ಕೇಳಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಅಮೆರಿಕದ ಹೊವರ್ಡ್ ಗಾರ್ಡ್‌ನರ್ ಅವರು 1983ರಲ್ಲಿ ಬುದ್ಧಿಶಕ್ತಿಯ ಹಲವು ಪ್ರಕಾರಗಳಲ್ಲಿ ದೇಹದ ಚಲನೆಯ ಮೂಲಕ ಪ್ರಕಟವಾಗುವುದೂ ಒಂದೆಂದು ಪ್ರತಿಪಾದಿಸಿದರು. ಆದರೆ ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಬೋಧಿಸಿದರೆ ಹೆಚ್ಚು ಫಲವುಂಟೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2008ರಲ್ಲಿ ಅಲ್ಲಿಯ ಮನೋವಿಜ್ಞಾನಿಗಳೇ ಪರಿಶೀಲಿಸಿ ತಿಳಿಸಿದ್ದಾರೆ. ಆದುದರಿಂದ "ನಮ್ಮವನು ಮಾಡಿ ಕಲಿಯುವವನು, ಅವನಿಗೆ ಪುಸ್ತಕ ಒಗ್ಗದು" ಎಂದು ಮಗುವಿಗೆ ಹಣೆಪಟ್ಟಿ ಕಟ್ಟಬಾರದು. ಕೈಯು ಬಾಗಿಲೇ ಹೊರತು ಮನೆಯಲ್ಲ. ಬಾಗಿಲಲ್ಲಿಯೇ ನಿಂತವನು ಒಳಗಿನ ಸಂಪತ್ತನ್ನು ಕಾಣಲಾರ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮ ಸರಳವಾದುದು. ಮಗು ಕಾಲು ತಾಸು ಓದಲಿ; ಓದಿದುದನ್ನು ಕಾಳು, ಕಡ್ಡಿ, ಮಣ್ಣು, ಕಾಗದಗಳಿಂದ ಮಾಡಿ ನೋಡಲಿ. ಇತಿಹಾಸದ ಘಟನೆಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ನೆಲದ ಮೇಲೆ ಕಾಲಕ್ರಮದಲ್ಲಿ ಜೋಡಿಸಲಿ. ಪದ್ಯವನ್ನು ಅಂಗಳದಲ್ಲಿ ಅಡ್ಡಾಡುತ್ತ ಹೇಳಲಿ. ಬಳಿಕ ಎಲ್ಲವನ್ನೂ ಮುಚ್ಚಿಟ್ಟು ನೆನಪಿನಿಂದ ಬರೆಯಲಿ. ತಪ್ಪಿದ್ದನ್ನು ಪುಸ್ತಕ ನೋಡಿ ತಾನೇ ತಿದ್ದಲಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಬರೆಯಲಿ. ಸಾಧ್ಯವಾದರೆ ತಮ್ಮನಿಗೋ ತಂಗಿಗೋ ಅದನ್ನು ಮಾಡಿ ತೋರಿಸಿ ವಿವರಿಸಲಿ. ಪರೀಕ್ಷೆಯು ಕೊನೆಗೆ ಕಾಗದದ ಮೇಲೆಯೇ ನಡೆಯುವುದರಿಂದ ಗಡಿಯಾರವನ್ನು ಎದುರಿಗಿಟ್ಟು ಬರೆಯುವ ಅಭ್ಯಾಸವನ್ನು ಬಿಡುವಂತಿಲ್ಲ.

ಇದಕ್ಕೆ ಹಣ ಬೇಕಿಲ್ಲ. ಒಂದು ಹಿಡಿ ಹುಣಸೆಬೀಜ, ಒಂದು ಮೊಳ ಹಗ್ಗ, ಪಕ್ಕದಲ್ಲಿ ಕುಳಿತುಕೊಳ್ಳುವ ಹಿರಿಯರ ಸಹನೆ ಸಾಕು. ಮಕ್ಕಳ ಚಡಪಡಿಸುವ ಕೈಗಳನ್ನು ಕಟ್ಟಿಹಾಕದೆ ಅವುಗಳಿಗೆ ಸತ್ಕಾರ್ಯವನ್ನು ಒದಗಿಸಿರಿ. ವಿದ್ಯೆಯೂ ಒಂದು ಕಾಯಕವೆಂದು ತಿಳಿದ ಮನೆಯಲ್ಲಿ ದಡ್ಡ ಮಗುವೆಂಬುದು ಇರಲಾರದು. ಶರಣು.